ಡಬ್ಬಿ ಖಾಲಿಯಾಗಿಯೇ ಬರಲಿ

ನಮ್ಮ ಸಂಸಾರದಲ್ಲಿ ಮೂರು ಜನ, ಮೂರು ಊರು. ಹೆಂಡತಿ ಸೂರತ್‌ನಲ್ಲಿ, ಮಗಳು ವಡೋದರಾದಲ್ಲಿ, ನಾನು ಅಹಮದಾಬಾದಿನಲ್ಲಿ. ಒಂದೇ ರೈಲು ಹಳಿಯ ಮೇಲೆ ಬಟ್ಟೆ ಒಣಹಾಕಿದ ಹಾಗೆ ಸಾಲಾಗಿದ್ದೇವೆ ಎಂದು ನಾನು ತಮಾಷೆ ಮಾಡುತ್ತೇನೆ. ಕೇಳಿದವರು ನಗುವುದಿಲ್ಲ. "ಅಯ್ಯೋ, ಊಟಕ್ಕೇನು ಮಾಡ್ತೀರಿ?" ಎನ್ನುತ್ತಾರೆ.

ಇದನ್ನು ಯಾರೂ ಯೋಚಿಸಿ ಮಾಡಿದ್ದಲ್ಲ. ಯೋಚಿಸುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಹಗಲೂ ರಾತ್ರಿಯೂ ಯೋಚಿಸುತ್ತೇನೆ, ಆದರೆ ನಾನು ಯೋಚಿಸಿದ್ದು ಒಂದೂ ಆಗುವುದಿಲ್ಲ. ಮೊದಲು ಮೂವರೂ ವಡೋದರಾದಲ್ಲೇ ಇದ್ದೆವು. ನಾನು ಮಕರಪುರದ ಕೈಗಾರಿಕಾ ವಸಾಹತಿನಲ್ಲಿ ಟ್ರಾನ್ಸ್‌ಫಾರ್ಮರಿನ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದೆ. ಹೆಂಡತಿ ಬ್ಯಾಂಕಿನಲ್ಲಿ. ಅವಳಿಗೆ ಅಹಮದಾಬಾದಿಗೆ ವರ್ಗವಾಯಿತು. ಅದೇ ಸಮಯಕ್ಕೆ ನಮ್ಮ ಕಾರ್ಖಾನೆಯನ್ನು ಯಾರೋ ದೊಡ್ಡವರು ಕೊಂಡುಕೊಂಡು, ಐವತ್ತರ ಹತ್ತಿರ ಬಂದವರಿಗೆಲ್ಲ ಶಾಲು ಹೊದಿಸಿ ಮನೆಗೆ ಕಳಿಸಿದರು. ಸರಿ, ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಫ್ಲ್ಯಾಟು ಹಿಡಿದೆವು. ಇಡ್ಲಿ-ದೋಸೆ ಹಿಟ್ಟಿನ ವ್ಯಾಪಾರ ಮಾಡುತ್ತೇನೆಂದು ನಾನು ದೊಡ್ಡ ಗ್ರೈಂಡರು ತರಿಸಿ ಬಾಲ್ಕನಿಯಲ್ಲಿ ಕೂರಿಸಿದೆ. ಅದಕ್ಕೆ ಹಚ್ಚಿದ ಅರಿಶಿನ ಕುಂಕುಮದ ಬಣ್ಣ ಇನ್ನೂ ಮಾಸಿರಲಿಲ್ಲ, ಬ್ಯಾಂಕಿನವರು ಹೆಂಡತಿಯನ್ನು ಸೂರತ್‌ನ ಕತಾರ್‌ಗಾಮ್ ಶಾಖೆಗೆ ಹಾಕಿದರು. ಮಗಳಿಗೆ ಕಾಲೇಜು ಸೀಟು ಸಿಕ್ಕಿದ್ದು ನಾವು ಬಿಟ್ಟು ಬಂದ ವಡೋದರಾದಲ್ಲೇ. ಹೊರಡುವವರೆಲ್ಲ ಹೊರಟರು. ಗ್ರೈಂಡರು ಹೊರಡುವ ಹಾಗಿರಲಿಲ್ಲ, ಅದರ ಜೊತೆ ನಾನು ಉಳಿದೆ.

ಹಿಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಾರುವುದಿಲ್ಲ, ಸ್ಟೀಲ್ ಡಬ್ಬಿಯಲ್ಲಿ ಕೊಟ್ಟು ಡಬ್ಬಿ ವಾಪಸ್ಸು ತರುತ್ತೇನೆ ಎಂಬುದು ನನ್ನ ಹಟ. ಇದಕ್ಕೂ ಕಾರ್ಖಾನೆಯೇ ಕಾರಣ. ಕೊನೆಕೊನೆಗೆ ನನ್ನ ಕೆಲಸವೆಂದರೆ ಪ್ಯಾಕಿಂಗ್ ಸಾಮಾನು ತರಿಸುವುದು. ಪ್ರತಿ ಭಾಗಕ್ಕೊಂದು ಪ್ಲಾಸ್ಟಿಕ್, ಹತ್ತು ಭಾಗದ ಪೆಟ್ಟಿಗೆಗೊಂದು ಪ್ಲಾಸ್ಟಿಕ್, ಪೆಟ್ಟಿಗೆಗಳ ಅಟ್ಟಿಗೆ ಸುತ್ತಲೂ ಮತ್ತೊಂದು. ವರ್ಷಕ್ಕೊಮ್ಮೆ ಕಂಪನಿಯ ವರದಿ ಅಚ್ಚಾಗುತ್ತಿತ್ತು; ಅದರಲ್ಲಿ ಒಂದು ಪುಟಕ್ಕೆ ಹಸಿರು ಎಲೆಯ ಚಿತ್ರ, ಕೆಳಗೆ ಸುಸ್ಥಿರ ಅಭಿವೃದ್ಧಿಯ ಬಗ್ಗೆ ಒಳ್ಳೊಳ್ಳೆಯ ಮಾತು. ಆ ಮಾತುಗಳಿಗೆ ಬೇಕಾದ ವಿವರ ಒದಗಿಸುವವನೂ ನಾನೇ. ಅಚ್ಚಾದ ವರದಿ ನಮ್ಮ ಮೇಜಿಗೆ ಬರುವಾಗ ಅದನ್ನೂ ಪ್ಲಾಸ್ಟಿಕ್ಕಿನಲ್ಲಿ ಸುತ್ತಿರುತ್ತಿದ್ದರು. ನಾನು ಉಗುರಿನಿಂದ ಹರಿಯಲಾರದೆ ಕತ್ತರಿ ಹುಡುಕುತ್ತಿದ್ದೆ.

ಸ್ವಂತ ವ್ಯಾಪಾರ ಮಾಡಿದರೆ ಊರಿನ ಕಸಕ್ಕೆ ನನ್ನ ಪಾಲು ಸೇರಬಾರದು ಎಂದುಕೊಂಡೆ. ಹೆಂಡತಿ, "ಮೊದಲು ವ್ಯಾಪಾರ ಮಾಡಿ, ಕಸ ಆಮೇಲೆ ನೋಡೋಣ" ಎಂದಳು.

ಡಬ್ಬಿ ಕೊಳ್ಳಲು ಅಹಮದಾಬಾದಿನ ಹಳೆಯ ಪೇಟೆಯ ಪಾತ್ರೆ ಬಜಾರಿಗೆ ಹೋದೆ. ಅಲ್ಲಿ ಒಬ್ಬ ಮುದುಕ ವ್ಯಾಪಾರಿ, ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಗುಜರಾತಿ ಬೆರೆಸಿದ ಹಿಂದಿಯಲ್ಲಿ ಮಾತು. ಗಾದಿಯ ಮೇಲೆ ಕಾಲು ಮಡಚಿ ಕೂತಿದ್ದವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹೇಳು ಮದ್ರಾಸಿ ಭಾಯ್, ಎಷ್ಟು ಬೇಕು?"

"ಮದ್ರಾಸಿ ಅಲ್ಲ ಕಾಕಾ, ಕರ್ನಾಟಕ."

"ಅಲ್ಲೂ ಇಡ್ಲಿ ತಿಂತಾರೆ ತಾನೆ?"

"ತಿಂತಾರೆ."

"ಹಾಗಾದರೆ ಜಗಳ ಯಾಕೆ?"

ನನ್ನ ಯೋಜನೆಯನ್ನು ವಿವರಿಸಿದೆ. ಕಾಕಾ ಡಬ್ಬಿಯ ಮುಚ್ಚಳ ತೆಗೆದು, ಹಾಕಿ, ತೆಗೆದು ನೋಡುತ್ತ ಕೇಳಿಸಿಕೊಂಡರು. "ಒಳ್ಳೇದು. ನನ್ನ ಅಪ್ಪ ತುಪ್ಪದವರಿಗೆ ಹೀಗೇ ಡಬ್ಬಿ ಕೊಡ್ತಿದ್ದ. ಆದರೆ ಒಂದು ಮಾತು. ಡಬ್ಬಿಗೆ ಡಿಪಾಜಿಟ್ ತಗೋ."

"ಗುಜರಾತಿ ಗಿರಾಕಿಗಳ ಹತ್ತಿರ ತಗೊಳ್ಳಬಹುದು. ನಮ್ಮ ಕನ್ನಡದವರ ಹತ್ತಿರ ಹೇಗೆ ಕೇಳೋದು ಕಾಕಾ? ಹಿಟ್ಟು ಕೊಟ್ಟು, ಪಾತ್ರೆಗೆ ಅಡವು ಕೊಡಿ ಅಂದರೆ..."

"ಧಂಧಾಮಾಂ ಶರಮ್ ಶಾನೀ?" ಎಂದರು ಕಾಕಾ. ವ್ಯಾಪಾರದಲ್ಲಿ ನಾಚಿಕೆ ಎಂಥದು ಎಂದು ಅರ್ಥ. "ನೋಡು ಭಾಯ್, ಡಬ್ಬಿ ರಸ್ತೆ ಮೇಲೆ ಓಡಾಡ್ತಿದ್ದರೆ ಅದು ವ್ಯಾಪಾರ. ಒಬ್ಬರ ಅಡಿಗೆಮನೆಯಲ್ಲಿ ಕೂತುಬಿಟ್ಟರೆ ದಾನ. ನೀನು ಯಾವುದು ಮಾಡೋಕೆ ಹೊರಟಿದ್ದೀಯ?"

ನಾಚಿಕೆ ನನಗೆ ಹುಟ್ಟಿನಿಂದ ಬಂದದ್ದು, ಡಬ್ಬಿಗಳ ಜೊತೆ ಅದನ್ನೂ ಮನೆಗೆ ತಂದೆ. ಕನ್ನಡದವರ ಹತ್ತಿರ ಡಿಪಾಜಿಟ್ ಕೇಳಲಿಲ್ಲ.

ವ್ಯಾಪಾರ ಶುರುವಾಯಿತು. ಬೆಳಗ್ಗೆ ರುಬ್ಬುವುದು, ಸಂಜೆ ಸ್ಕೂಟರಿನಲ್ಲಿ ಹಂಚುವುದು. ಅಹಮದಾಬಾದಿನ ಬಿಸಿಲಿಗೆ ಹಿಟ್ಟು ನನಗಿಂತ ಬೇಗ ಉಕ್ಕುತ್ತದೆ. ದಾರಿಯಲ್ಲೇ ಡಬ್ಬಿಯ ಮುಚ್ಚಳ ಎದ್ದು ಸ್ಕೂಟರಿನ ಹಿಂದೆ ಬಿಳಿಯ ಗೆರೆ ಎಳೆದುಕೊಂಡು ಹೋದದ್ದೂ ಉಂಟು. ಗಿರಾಕಿಗಳಲ್ಲಿ ಅರ್ಧ ಜನ ಅಕ್ಕಪಕ್ಕದ ಸೊಸೈಟಿಗಳ, ಎಂದರೆ ಫ್ಲ್ಯಾಟು ಸಮುಚ್ಚಯಗಳ, ಗುಜರಾತಿಗಳು, ಇನ್ನರ್ಧ ನಮ್ಮವರು. ನಮ್ಮವರೆಂದರೆ ಬಾಹ್ಯಾಕಾಶದ ಕಚೇರಿ, ಸಂಶೋಧನಾಲಯ ಎಂದು ಬಂದು ಇಲ್ಲೇ ನೆಲೆಸಿದ ಸಂಸಾರಗಳು, ಮತ್ತೆ ಮೂರು ನಾಲ್ಕು ಜನ ಸೇರಿ ಫ್ಲ್ಯಾಟು ಹಿಡಿದ ಹುಡುಗ ಹುಡುಗಿಯರು. ಎಲ್ಲರೂ ನನ್ನನ್ನು ಹಿಟ್ಟಿನ ಸಾರ್ ಎಂದೇ ಕರೆದರು. ಖರೀದಿ ವಿಭಾಗದಲ್ಲಿದ್ದಾಗ ಯಾರೂ ನನ್ನನ್ನು ಬರೀ ಸಾರ್ ಎಂದೂ ಕರೆದಿರಲಿಲ್ಲ.

ಗುಜರಾತಿಗಳ ಡಬ್ಬಿ ಮರುದಿನವೇ ಬರುತ್ತಿತ್ತು. ಹಿಟ್ಟು ಬಂತು, ಡಬ್ಬಿ ಹೋಯಿತು, ಲೆಕ್ಕ ಮುಗಿಯಿತು. ನಮ್ಮವರ ಡಬ್ಬಿ ಬರುತ್ತಿರಲಿಲ್ಲ. ಒಂದು ವಾರ ಸುಮ್ಮನಿದ್ದೆ. ಎರಡನೆಯ ವಾರ ಕಳ್ಳತನದ ಬಗ್ಗೆ, ಮೂರನೆಯ ವಾರ ನನ್ನ ಹಿಟ್ಟು ಯಾರಿಗಾದರೂ ಕೆಟ್ಟಿರಬಹುದೇ ಎಂಬುದರ ಬಗ್ಗೆ ಯೋಚನೆ ಮಾಡಿದೆ. ಕೊನೆಗೆ ನಮ್ಮ ಪಕ್ಕದ ಸೊಸೈಟಿಯ ಧಾರವಾಡದ ಅಮ್ಮನ ಮನೆಯ ಬಾಗಿಲು ತಟ್ಟಿದೆ. ಅರವತ್ತು ದಾಟಿದವರು, ಗಂಡ ಬಾಹ್ಯಾಕಾಶದ ಕಚೇರಿಯಿಂದ ನಿವೃತ್ತರು. ಅವರ ಹತ್ತಿರ ನನ್ನ ಮೂರು ಡಬ್ಬಿ ಉಳಿದಿದ್ದವು.

"ಡಬ್ಬಿ ತೊಳದು ಇಟ್ಟೀನ್ರಿ ಸರ. ಆದ್ರ ಇವತ್ತ ಕೊಡಾಂಗಿಲ್ಲ."

"ಯಾಕಮ್ಮ?"

"ಖಾಲಿ ಡಬ್ಬಿ ಹೆಂಗ ಕೊಡೂದ್ರಿ? ಪಂಚಮಿ ಬಂತಲ್ಲ ಇನ್ನೇನ. ಉಂಡಿ ಕಟ್ಟತೇನಿ, ಹಾಕಿ ಕೊಡತೇನಿ."

"ಪಂಚಮಿಗೆ ಇನ್ನೂ ಬಹಳ ದಿನ ಇದೆಯಲ್ಲಮ್ಮ."

"ಇರವಲ್ದ್ಯಾಕ. ಅಲ್ಲೀತನಾ ನಮಗ ಹಿಟ್ಟ ಕೊಡಾಂಗಿಲ್ಲೇನು? ಬ್ಯಾರೆ ಡಬ್ಬಿ ತರ್ರಿ."

ಒಳಗೆ ಟಿವಿಯ ಮುಂದೆ ಕೂತಿದ್ದ ಅವರ ಯಜಮಾನರು ತಿರುಗದೆಯೇ ಕೂಗಿದರು: "ಸರ, ಮ್ಯಾಲೆ ಹಾರಿಸಿದ್ದನ್ನ ಕೆಳಗ ಇಳಸೂದು ನಮಗ ಗೊತ್ತದ. ಈ ಮನಿಯೊಳಗ ಬಂದ ಡಬ್ಬಿ ಹೊರಗ ಕಳಸೂದು ನನ್ನ ಕೈಲೆ ಆಗಿಲ್ಲ ನೋಡ್ರಿ."

"ನೀವ ಸುಮ್ನ ಮ್ಯಾಚ್ ನೋಡ್ರಿ!" ಎಂದು ಅಮ್ಮ ಗದರಿದರು.

ಮೆಟ್ಟಿಲಿಳಿಯುವಾಗ ನನಗೆ ನಗು ಬಂತು. ಇದು ನನಗೆ ಹೊಳೆಯಬೇಕಿತ್ತು. ತುಮಕೂರಿನ ನಮ್ಮ ವಠಾರದಲ್ಲಿ ನನ್ನ ತಾಯಿ ಪಕ್ಕದ ಮನೆಯ ಬಟ್ಟಲನ್ನು ಎಂದೂ ಬರಿದಾಗಿ ಕೊಟ್ಟವಳಲ್ಲ. ಏನೂ ಇಲ್ಲದ ದಿನ ನಾಲ್ಕು ಕಾಳು ಸಕ್ಕರೆಯಾದರೂ ತಳದಲ್ಲಿ ಇರುತ್ತಿತ್ತು. ಗುಜರಾತಿನ ನೆಲದಲ್ಲಿ, ವ್ಯಾಪಾರಿಗಳ ನಡುವೆ, ತಿರುಗಿ ಬರುವ ಡಬ್ಬಿಯ ಮೇಲೆ ಒಂದು ಉದ್ಯಮ ಕಟ್ಟಲು ಹೊರಟ ನಾನು ಖಾಲಿ ಪಾತ್ರೆ ಕೊಡಲಾರದ ಜನರನ್ನೇ ಹುಡುಕಿ ಗಿರಾಕಿ ಮಾಡಿಕೊಂಡಿದ್ದೆ.

ಡಬ್ಬಿಗಳು ಕೊನೆಗೂ ಬರುತ್ತಿದ್ದವು, ಬಂದಾಗ ತುಂಬಿ ಬರುತ್ತಿದ್ದವು. ಹುರಿಗಾಳು, ಕೋಡುಬಳೆ, ಮಾವಿನಕಾಯಿ ಉಪ್ಪಿನಕಾಯಿ. ಮಂಡ್ಯದ ಒಂದು ಮನೆಯಿಂದ ಹುರುಳಿ ಸಾರು, ಅದೂ ನಾನು ಸ್ಕೂಟರಿನಲ್ಲಿ ತರಬೇಕಾದ ಡಬ್ಬಿಯಲ್ಲಿ. ಫ್ಲ್ಯಾಟು ಹಂಚಿಕೊಂಡ ಹುಡುಗರ ಹತ್ತಿರ ಡಬ್ಬಿಗೆ ಹಾಕಲು ಏನೂ ಇಲ್ಲ. ಅವರು ಅಂಗಡಿಯ ಖಾಕ್ರಾ ಎಂಬ ಗರಿಗರಿ ರೊಟ್ಟಿಯ ಪೊಟ್ಟಣ ಇಡುತ್ತಿದ್ದರು, ಒಮ್ಮೆ ಒಂದೇ ಒಂದು ನಿಂಬೆಹಣ್ಣು ಇಟ್ಟಿದ್ದರು. ಡಬ್ಬಿ ತರುವವರು ಗೇಟಿನಲ್ಲಿ ಕೊಟ್ಟು ಹೋಗುತ್ತಿರಲಿಲ್ಲ. ಒಳಗಿರುವುದು ಏನು, ಎಷ್ಟು ದಿನ ಇಡಬಹುದು, ಯಾವುದರ ಜೊತೆ ತಿನ್ನಬೇಕು ಎಂದು ಹೇಳಬೇಕಲ್ಲ! ಮೇಲೆ ಬಂದು, ಕೂತು, ಗ್ರೈಂಡರನ್ನು ನೋಡಿ, ನನ್ನ ಅಡಿಗೆಮನೆಯ ಸ್ಥಿತಿಗೆ ಮರುಗಿ, ನೀರು ಕುಡಿದು ಹೋಗುತ್ತಿದ್ದರು. ಸಂಜೆಯಾದರೆ ಬಾಗಿಲು ಬಡಿಯುತ್ತಿತ್ತು. ನಾನು ಡಬ್ಬಿ ಎಣಿಸಿ ತಲೆ ಕೆಡಿಸಿಕೊಳ್ಳುತ್ತಿದ್ದವನು, ಬಾಗಿಲು ಬಡಿದಾಗ ಅಂಗಿ ಹಾಕಿಕೊಂಡು ಓಡುತ್ತಿದ್ದೆ.

ಕಾಕಾನ ಹತ್ತಿರ ಇನ್ನೊಂದಷ್ಟು ಡಬ್ಬಿ ತಂದೆ. ಅವೂ ಅಡಿಗೆಮನೆಗಳಲ್ಲಿ ಕೂತವು.

ಗಣೇಶನ ಹಬ್ಬ ಕಳೆದ ಮೇಲೆ ಕಾಕಾ ಫೋನು ಮಾಡಿದರು. ಅವರ ಸೊಸೆ ಸ್ಯಾಟಲೈಟ್‌ನಲ್ಲೇ ಸಾವಯವ ಪದಾರ್ಥಗಳ ಅಂಗಡಿ ಇಟ್ಟಿದ್ದಾಳೆ, ನನ್ನ ಹಿಟ್ಟನ್ನು ಇಟ್ಟು ನೋಡುತ್ತಾಳಂತೆ. ಹೋದೆ. ಹುಡುಗಿ ಚುರುಕು. ಪ್ರತಿ ಶನಿವಾರ ಬೆಳಗ್ಗೆ ಒಂದು ಕಪಾಟು ತುಂಬುವಷ್ಟು ಡಬ್ಬಿ ಬರಬೇಕು, ಎಲ್ಲವೂ ಒಂದೇ ಥರ ಕಾಣಬೇಕು. ಎರಡು ಸಲ ತಪ್ಪಿದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಳು.

"ಡಬ್ಬಿ ಕಷ್ಟ ಆದರೆ ಪೌಚ್ ಮಾಡಿಬಿಡೋಣ ಅಂಕಲ್. ನಾನೇ ಅಚ್ಚು ಹಾಕಿಸ್ತೀನಿ. ಮೇಲೆ ಒಂದು ಹಸಿರು ಎಲೆ..."

"ಎಲೆ ಬೇಡಮ್ಮ" ಎಂದೆ. ಅವಳು ಬೆಚ್ಚಿ ನೋಡುವಷ್ಟು ಜೋರಾಗಿ.

ಈ ಅಂಗಡಿ ಕೈಬಿಟ್ಟರೆ ಮುಂದಿನ ದಾರಿ ಸ್ಪಷ್ಟವಿತ್ತು. ಒಂದೋ ಪ್ಲಾಸ್ಟಿಕ್ ಚೀಲ, ಇಲ್ಲವೇ ಗ್ರೈಂಡರು ಮಾರಿ ಸೂರತ್‌ಗೆ ಹೋಗಿ ಹೆಂಡತಿಯ ಮನೆಯಲ್ಲಿ ಬಟ್ಟೆ ಮಡಚುತ್ತ ಕೂರುವುದು. ಮನೆಮನೆಗೆ ಮಾರಿ ಬಂದದ್ದರಲ್ಲಿ ಫ್ಲ್ಯಾಟಿನ ಬಾಡಿಗೆಯೂ ಹುಟ್ಟುತ್ತಿರಲಿಲ್ಲ, ಇನ್ನಷ್ಟು ಡಬ್ಬಿ ಕೊಳ್ಳುವುದಂತೂ ದೂರ.

ಮೊದಲ ಶನಿವಾರ ಡಬ್ಬಿ ಸಾಲಲಿಲ್ಲ. ಹಿಂದಿನ ದಿನ ಮನೆಮನೆ ಸುತ್ತಿ ಕೇಳಿದೆ. "ನಾಳೆ ಸಂಕಷ್ಟಿ ಸಾರ್, ಕಡುಬು ಮಾಡ್ತೀವಿ, ಹಾಕಿಕೊಡ್ತೀವಿ." "ಊರಿಂದ ಅತ್ತೆ ಬರ್ತಿದ್ದಾರೆ, ಅವಲಕ್ಕಿ ತರ್ತಾರೆ." ಎಲ್ಲರದೂ ಪ್ರೀತಿ, ಒಬ್ಬರದೂ ಡಬ್ಬಿ ಇಲ್ಲ. ಕೊರತೆ ತುಂಬಲು ನನ್ನ ಟಿಫಿನ್ ಕ್ಯಾರಿಯರ್, ಹಾಲಿನ ಕ್ಯಾನು, ಉಪ್ಪಿನಕಾಯಿ ಜಾಡಿ ಎಲ್ಲಕ್ಕೂ ಹಿಟ್ಟು ಸುರಿದುಕೊಂಡು ಅಂಗಡಿಗೆ ಹೋದೆ. ಕಾಕಾನ ಸೊಸೆ ಜಾಡಿಯ ಮುಚ್ಚಳ ತೆಗೆದು ಮೂಸಿ, ನನ್ನ ಕೈಗೇ ವಾಪಸ್ಸು ಕೊಟ್ಟಳು. ಉಳಿದದ್ದು ಇನ್ನೊಂದೇ ಶನಿವಾರ.

ಆ ಭಾನುವಾರ ಸೂರತ್‌ಗೆ ಹೋದೆ, ಹೋದಾಗಲೆಲ್ಲ ಹಿಟ್ಟು ಒಯ್ದು ಹೆಂಡತಿಯ ಹತ್ತಿರ ಸೇರಿಹೋಗಿದ್ದ ಡಬ್ಬಿಗಳನ್ನಾದರೂ ತರೋಣವೆಂದು. ಕತಾರ್‌ಗಾಮ್‌ನಲ್ಲಿ ಅವಳ ಮನೆಯ ಕೆಳಗೇ ಕಸೂತಿ ಯಂತ್ರಗಳು ಓಡುತ್ತವೆ; ನೆಲ ಸಣ್ಣಗೆ ನಡುಗುತ್ತಿರುತ್ತದೆ. ಎದುರಿನ ಕಟ್ಟಡದಲ್ಲಿ ವಜ್ರಕ್ಕೆ ಪಾಲಿಶ್ ಹಾಕುವವರು ಗುಂಡಗೆ ಕೂತು, ಬೇಳೆಯಷ್ಟೂ ಇಲ್ಲದ ಕಲ್ಲಿನ ಮೇಲೆ ಬಗ್ಗಿರುತ್ತಾರೆ. ಇಡೀ ಬೀದಿಗೆ ಕೆಲಸವಿದೆ, ಕೈಯಲ್ಲಿ ಒಂದು ಡಬ್ಬಿ ಹಿಟ್ಟು ಹಿಡಿದು ನಿಂತವನು ನಾನೊಬ್ಬನೇ. ವಾರವೆಲ್ಲ ಬ್ಯಾಂಕಿನಲ್ಲಿ ದಣಿದ ಹೆಂಡತಿ ಸೋಫಾದಲ್ಲಿ ಕಾಲು ಚಾಚಿ, "ದೋಸೆ ನೀವೇ ಹಾಕ್ಬಿಡಿ" ಎಂದಳು. ಯಾವ ಊರಿಗೆ ಹೋದರೂ ದೋಸೆ ಹಾಕುವವನು ನಾನೇ.

ಅವಳ ಅಡಿಗೆಮನೆಯ ಕಪಾಟು ತೆಗೆದೆ. ನನ್ನ ಡಬ್ಬಿಗಳು ಶಿಸ್ತಾಗಿ ಸಾಲು ನಿಂತಿದ್ದವು. ತೊಗರಿಬೇಳೆ, ರವೆ, ಸಕ್ಕರೆ, ಒಂದರಲ್ಲಿ ಸೂಜಿ ದಾರ.

"ಇವೆಲ್ಲ ಅಹಮದಾಬಾದಿಗೆ ವಾಪಸ್ ಬರಬೇಕು" ಎಂದೆ.

"ಬೇಳೆನ ಎಲ್ಲಿ ಸುರೀಲಿ? ನಿಮ್ಮ ತಲೆ ಮೇಲಾ?"

"ನೀನೇ ಹೀಗೆ ಮಾಡಿದ್ರೆ ಹೊರಗಿನವರಿಗೆ ನಾನು ಏನು ಹೇಳ್ಲಿ?"

"ಹೊರಗಿನವರಿಗೆ ಏನೂ ಹೇಳ್ಬೇಡಿ. ಹೇಳಿದ್ರೆ ಅವ್ರು ಕೇಳಿಬಿಡ್ತಾರೆ. ನಾನಾದ್ರೆ ಕೇಳಲ್ಲ, ಗೊತ್ತಲ್ಲ."

"ಖಾಲಿ ಡಬ್ಬಿ ಕೊಟ್ಟರೆ ಏನು ಕಳ್ಕೊಳ್ತಾರೆ ಅವರು? ಪದ್ಧತಿ, ಪದ್ಧತಿ!"

"ಬರೀ ಪದ್ಧತಿ ಅಂದ್ಕೊಂಡ್ರಾ?" ಅವಳು ಬೇಳೆಯನ್ನು ಕಾಗದದ ಮೇಲೆ ಸುರಿಯುತ್ತಲೇ ಹೇಳಿದಳು. "ಗಂಡಸು, ಒಬ್ಬರೇ ಇದ್ದೀರಿ ಅಂತ ಅಲ್ವೇನ್ರಿ ಅವ್ರು ಅಷ್ಟೆಲ್ಲ ಮಾಡಿ ಹಾಕೋದು? ಆ ಧಾರವಾಡದವರು ಫೋನ್ ಮಾಡಿದ್ರು ನಂಗೆ. 'ಹುಳಿ ಕಡಿಮಿ ತಿಂತಾರೇನ್ರಿ ನಿಮ್ಮವರು?' ಅಂತ ಕೇಳಿದ್ರು."

ಅವಳಿಗೆ ಅದು ದೊಡ್ಡ ಮಾತಲ್ಲ, ಮುಂದಿನ ಡಬ್ಬಿಯ ರವೆ ಸುರಿದಳು. ನನಗೆ ಮಾತ್ರ ಕಿವಿ ಬಿಸಿಯಾಯಿತು. ನಾನು ವ್ಯಾಪಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಊರ ತುಂಬ ಜನ ಪಾಪದವನಿಗೆ ಊಟ ಹಾಕುತ್ತಿದ್ದರೇ? ಮರುದಿನ ಬೆಳಗ್ಗೆ ವಾಪಸ್ಸು ಹೊರಟ ರೈಲಿನಲ್ಲಿ, ಕಾಲಿನ ಹತ್ತಿರ ಖಾಲಿ ಡಬ್ಬಿಗಳ ಚೀಲ ಕಿಣಿಕಿಣಿ ಎನ್ನುತ್ತಿರಲು, ಭರೂಚ್ ದಾಟುವವರೆಗೂ ನಾನು ತಿಂದ ಒಂದೊಂದು ಕೋಡುಬಳೆಯನ್ನೂ ನೆನೆಸಿಕೊಂಡು ವಿಚಾರಣೆ ಮಾಡಿದೆ. ಯಾವುದು ಪದ್ಧತಿ, ಯಾವುದು ಕನಿಕರ? ಹುರುಳಿ ಸಾರಂತೂ ಸ್ಪಷ್ಟವಾಗಿ ಕನಿಕರವೇ.

ವಡೋದರಾದಲ್ಲಿ ಮಗಳು ಪ್ಲಾಟ್‌ಫಾರ್ಮಿಗೆ ಬಂದಿದ್ದಳು, ಅವಳ ಹಾಸ್ಟೆಲಿನಲ್ಲಿದ್ದ ಡಬ್ಬಿ ಕೊಡಲು. ರೈಲು ನಿಲ್ಲುವುದು ಕೆಲವೇ ನಿಮಿಷ. ಡಬ್ಬಿಯೊಳಗೆ ತಲೆಯ ಕ್ಲಿಪ್ಪುಗಳಿದ್ದವು.

"ಸಾರಿ ಅಪ್ಪಾ, ತೆಗಿಯೋದು ಮರೆತೆ" ಎಂದು ಕ್ಲಿಪ್ಪುಗಳನ್ನು ಬ್ಯಾಗಿಗೆ ಸುರಿದುಕೊಂಡಳು. "ನೀನು ಹಿಟ್ಟಿನ ವಾಟ್ಸಾಪ್ ಗ್ರೂಪ್‌ನಲ್ಲಿ ಯಾಕೆ ಹಾಕಲ್ಲ? ಡಬ್ಬಾ ಖಾಲಿ ಕೊಡಿ, ಬಸ್. ಖತಮ್."

ನಾನು ರೈಲಿನಲ್ಲಿ ಬರೆದಿಟ್ಟಿದ್ದನ್ನು ತೋರಿಸಿದೆ. ಅವಳು ಬೆರಳಿನಿಂದ ಮೇಲೆ ತಳ್ಳಿದಳು, ಇನ್ನೂ ತಳ್ಳಿದಳು.

"ಇಷ್ಟು ಲಾಂಬು ಯಾರು ಓದ್ತಾರೆ? 'ನಿಮ್ಮ ಅಭಿಮಾನಕ್ಕೆ ನಾನು ಚಿರಋಣಿ', ಅಪ್ಪಾ, ಇದು ಮದುವೆ ಕಾರ್ಡಾ?" ಅವಳ ಕನ್ನಡ ಅಷ್ಟಕ್ಕಷ್ಟೆ, ಆದರೆ ನನ್ನ ಕನ್ನಡವನ್ನು ಕತ್ತರಿಸಲು ಸಾಕಾಗುತ್ತದೆ. ಅಳಿಸುತ್ತ ಹೋದಳು. ಉಳಿದದ್ದು ಇಷ್ಟು: "ಪ್ರಿಯ ಗ್ರಾಹಕರೇ, ಡಬ್ಬಿಯನ್ನು ಖಾಲಿಯಾಗಿಯೇ, ಎರಡು ದಿನದೊಳಗೆ, ನಮ್ಮ ಸೊಸೈಟಿಯ ವಾಚ್‌ಮನ್ ಬಳಿ ಕೊಡಿ. ಒಳಗೆ ಏನನ್ನೂ ಹಾಕಬೇಡಿ. ಇದು ಪರಿಸರಕ್ಕಾಗಿ."

"ಪ್ರಿಯ ಗ್ರಾಹಕರೇ ಅಂದ್ರೆ ಚೆನ್ನಾಗಿರುತ್ತಾ?" ಎಂದೆ. ಅಲ್ಲಿಯವರೆಗೆ ನಾನು ಅವರನ್ನು ಹಾಗೆ ಕರೆದಿರಲಿಲ್ಲ.

"ಗ್ರಾಹಕರೇ ಅಲ್ವಾ ಅವರು?" ಎಂದಳು. ರೈಲು ಕದಲಿತು. ಸೂರತ್‌ನ ಮಾತು ಇನ್ನೂ ಕಿವಿಯಲ್ಲಿತ್ತು. ಕಳಿಸುವ ಗುಂಡಿ ಒತ್ತಿಬಿಟ್ಟೆ.

ಯಾರಾದರೂ ಬೈಯುತ್ತಾರೆಂದು ಅಹಮದಾಬಾದ್ ಬರುವವರೆಗೂ ಫೋನು ನೋಡುತ್ತಿದ್ದೆ. ಬೈದಿದ್ದರೆ ಕ್ಷಮೆ ಕೇಳಬಹುದಿತ್ತು, ಕ್ಷಮೆಯ ಮಾತುಗಳನ್ನೂ ಯೋಚಿಸಿಟ್ಟಿದ್ದೆ. ಒಬ್ಬೊಬ್ಬರಾಗಿ ಹೆಬ್ಬೆರಳೆತ್ತಿದ ಗುರುತು ಹಾಕಿದರು. ಒಬ್ಬರು ಕೈ ಮುಗಿದ ಗುರುತು ಹಾಕಿದರು. ಧಾರವಾಡದ ಅಮ್ಮ ಓದಿದ್ದು ಕಾಣುತ್ತಿತ್ತು, ಏನೂ ಹಾಕಿರಲಿಲ್ಲ.

ಡಬ್ಬಿಗಳು ಬಂದವು. ಬುಧವಾರ ಸಂಜೆ ವಾಚ್‌ಮನ್‌ನ ಕುರ್ಚಿಯ ಸುತ್ತ ಡಬ್ಬಿಯ ಗೋಪುರ ಎದ್ದಿತ್ತು. "ಸಾಹೇಬ್, ಪಾತ್ರೆ ಅಂಗಡಿ ಇಲ್ಲಿಗೇ ಬಂತಾ?" ಎಂದು ಅವನು ನಕ್ಕ. ಒಂದೊಂದನ್ನೂ ತೆಗೆದು ನೋಡಿದೆ. ತೊಳೆದದ್ದು, ಒರೆಸಿದ್ದು, ಒಳಗೆ ಏನೂ ಇಲ್ಲ. ನಾಲ್ಕು ಕಾಳು ಸಕ್ಕರೆಯೂ ಇಲ್ಲ. ನಮ್ಮ ಜನ ಮಾತು ಕೇಳುವವರೆಂದು ನನಗೆ ಗೊತ್ತೇ ಇರಲಿಲ್ಲ.

ಶನಿವಾರ ಕಪಾಟು ತುಂಬಿತು. ಅದರ ಮುಂದಿನ ಶನಿವಾರವೂ ತುಂಬಿತು. ಅಂಗಡಿಯಲ್ಲಿ ಡಬ್ಬಿ ಒಯ್ದವರು ಹಳೆಯ ಡಬ್ಬಿ ಕೊಟ್ಟು ಹೊಸದನ್ನು ಒಯ್ಯುತ್ತಾರೆ, ಡಿಪಾಜಿಟ್ ಲೆಕ್ಕ ಕಾಕಾನ ಸೊಸೆಯದು, ನನಗೆ ನಾಚಿಕೆಯ ಪ್ರಸಂಗವೇ ಇಲ್ಲ. ದಸರೆ ಹೊತ್ತಿಗೆ ಬಾಡಿಗೆಯ ಚಿಂತೆ ಹೋಯಿತು. ಕಾಕಾ ಗಾದಿಯಿಂದ ಎದ್ದು ಬಂದು ಬೆನ್ನು ತಟ್ಟಿದರು: "ಈಗ ವ್ಯಾಪಾರಿ ಆದೆ ಮದ್ರಾಸಿ ಭಾಯ್. ಡಬ್ಬಿ ಓಡ್ತಾ ಇದೆ." ನಿಜವಾಗಿಯೂ ಓಡುತ್ತಿತ್ತು. ಒಂದು ಚೂರು ಪ್ಲಾಸ್ಟಿಕ್ಕಿಲ್ಲದೆ, ಒಂದು ಮುಷ್ಟಿ ಕಸವಿಲ್ಲದೆ. ವರದಿಯಲ್ಲಿ ಹಾಕಬಹುದಾದಂಥ ವ್ಯಾಪಾರ.

ಸಂಜೆ ಬಾಗಿಲು ಬಡಿಯುವುದು ನಿಂತಿತು. ಕಾಲಿಂಗ್ ಬೆಲ್ಲಿನ ಬ್ಯಾಟರಿ ಹೋಗಿರಬಹುದೆಂದು ಒಂದು ದಿನ ಹೊರಗೆ ಹೋಗಿ ನಾನೇ ಒತ್ತಿ ನೋಡಿದೆ. ಸರಿಯಾಗಿತ್ತು. ಎದುರು ಮನೆಯವರು ಬಾಗಿಲು ತೆಗೆದು, ತನ್ನ ಮನೆಯ ಬೆಲ್ಲು ತಾನೇ ಒತ್ತಿ ನಿಂತವನನ್ನು ನೋಡಿ, "ಬೀಗದ ಕೈ ಕಳೆಯಿತಾ?" ಎಂದರು. ಹೌದು ಎಂದೆ.

ಬೀದಿಯಲ್ಲಿ ಸಿಕ್ಕಾಗ ಎಲ್ಲರೂ ಚೆನ್ನಾಗಿಯೇ ಮಾತಾಡಿಸುತ್ತಿದ್ದರು. ಹಿಟ್ಟು ಚೆನ್ನಾಗಿದೆ ಸಾರ್, ಡಬ್ಬಿ ಕೊಟ್ಟಿದ್ದೀವಿ ಸಾರ್. ಹಬ್ಬಕ್ಕೆ ಏನು ಮಾಡಿದಿರಿ ಎಂದು ನಾನು ಕೇಳಿದರೆ "ಅಯ್ಯೋ, ಏನೂ ಮಾಡಿಲ್ಲ" ಎನ್ನುತ್ತಿದ್ದರು. ಹಿಟ್ಟು ಕೊಡಲು ಹೋದಾಗ ಮಾಡಿದ್ದರ ವಾಸನೆ ಅವರ ಮೆಟ್ಟಿಲವರೆಗೂ ಇರುತ್ತಿತ್ತು. ಹೆಂಡತಿ ಫೋನಿನಲ್ಲಿ, "ಈಗ ನೆಮ್ಮದಿನಾ?" ಎಂದಳು. ನೆಮ್ಮದಿ ಎಂದೆ. "ಊಟ?" ದೋಸೆ ಎಂದೆ.

ಧಾರವಾಡದ ಅಮ್ಮ ಮಾತ್ರ ಹಿಟ್ಟು ಹೇಳುವುದನ್ನೇ ಬಿಟ್ಟಿದ್ದರು. ಪಂಚಮಿಯ ಉಂಡೆಯ ನಂತರ ಅವರಲ್ಲಿ ಮತ್ತೆ ಸೇರಿದ್ದ ಮೂರು ಡಬ್ಬಿಯೂ ಖಾಲಿಯಾಗಿ ಬಂದಿದ್ದವು, ಆಮೇಲೆ ಸುದ್ದಿಯಿಲ್ಲ. ವ್ಯಾಪಾರದ ದೃಷ್ಟಿಯಿಂದ ಒಂದು ಗಿರಾಕಿ ಹೋದರೆ ಹೋಯಿತು. ನಾನು ಎರಡು ವಾರ ವ್ಯಾಪಾರದ ದೃಷ್ಟಿಯಿಂದಲೇ ನೋಡಲು ಪ್ರಯತ್ನಪಟ್ಟೆ. ಮೂರನೆಯ ವಾರ, ಅವರಿಗೆ ಆರೋಗ್ಯ ಸರಿಯಿಲ್ಲವೇನೋ, ಮಕ್ಕಳ ಮನೆಗೆ ಹೋದರೇನೋ, ಉದ್ದು ಕಡಿಮೆಯಾಯಿತೇನೋ ಎಂದು ಶುರುವಾಯಿತು. ಒಂದು ಭಾನುವಾರ ಬೆಳಗ್ಗೆ ಹೋಗಿ ಬಾಗಿಲು ತಟ್ಟಿದೆ. ಕೈಯಲ್ಲಿ ಏನೂ ಇರಲಿಲ್ಲ. ನೆಪ ಮಾತ್ರ ಇತ್ತು.

"ನಿಮ್ಮ ಹತ್ತಿರ ಒಂದು ಡಬ್ಬಿ ಉಳಿದಿದೆಯೇನೋ ಅಂತ..."

"ಇಲ್ರೆಲಾ ಸರ. ಮೂರೂ ಕೊಟ್ಟೀನಿ, ವಾಚ್‌ಮನ್ ಕೈಯಾಗ." ಅಮ್ಮನಿಗೆ ಗಾಬರಿಯಾಯಿತು. "ಮುಟ್ಟಿಲ್ಲೇನ್ರಿ?"

"ಮುಟ್ಟಿದೆ, ಮುಟ್ಟಿದೆ. ನಾನೇ ಲೆಕ್ಕ ತಪ್ಪಿದೆ. ಹಿಟ್ಟು ಬೇಡವಾಯಿತಾ ಅಮ್ಮ? ನಮ್ಮ ಹಿಟ್ಟಿನಲ್ಲಿ ಏನಾದ್ರೂ..."

"ಹಿಟ್ಟಿನ್ಯಾಗ ಏನೂ ಇಲ್ರಿ, ಛೊಲೊ ಇತ್ತು." ಸೆರಗಿಗೆ ಕೈ ಒರೆಸಿಕೊಂಡರು. "ಮನ್ಯಾಗ ರುಬ್ಕೋತೇನ್ರಿ ಈಗ, ಮಿಕ್ಸಿಯೊಳಗ. ನಿಮಗ ಯಾಕ ಸುಳ್ಳ ಹೇಳ್ಲಿ? ಆ ಖಾಲಿ ಡಬ್ಬಿ ಕೊಟ್ಟ ಬಂದ ದಿನ ನನಗ ಊಟ ಸೇರಲಿಲ್ಲ. ಪರಿಸರಕ್ಕ ಅಂತ ಬರದಿದ್ರಿ, ಅದೂ ಖರೇನ ಬಿಡ್ರಿ. ನಿಮ್ಮದೂ ವ್ಯಾಪಾರ, ನಡೀಬೇಕು. ನನ್ನ ಕೈಗೆ ಅದು ಒಗ್ಗೂದಿಲ್ಲ, ಅದಕ್ಕ ಬಿಟ್ಟೆ. ಸಿಟ್ಟಿಲ್ಲ ನನಗ."

ನಾನು ಏನೋ ಹೇಳಲು ಬಾಯಿ ತೆಗೆದೆ. ಪೌಚಿನ ವಿಷಯ, ಶನಿವಾರದ ವಿಷಯ, ಕಪಾಟಿನ ವಿಷಯ. ಅದೆಲ್ಲ ಸರಿಯಾಗಿಯೇ ಇತ್ತು.

"ಬಂದೀರಿ, ಕೂಡ್ರಿ. ದ್ವಾಸಿ ಹಾಕತೇನಿ."

ಅಡಿಗೆಮನೆಯಲ್ಲೇ ಸಣ್ಣ ಮೇಜು. ಕೂತೆ. ಯಜಮಾನರು ಹಾಲ್‌ನಿಂದ, "ಹಿಟ್ಟಿನ ಸರ ದ್ವಾಸಿ ಪರೀಕ್ಷಾ ಮಾಡಾಕ ಬಂದಾರ, ಹುಷಾರ್!" ಎಂದು ಕೂಗಿದರು. ಅಮ್ಮ ಹೆಂಚಿನ ಮೇಲೆ ನೀರು ಚಿಮುಕಿಸಿ, ಹಿಟ್ಟು ಹುಯ್ದು, ಸುತ್ತಲೂ ಎಣ್ಣೆ ಬಿಟ್ಟರು. ನಾನು ಕೂತು ನೋಡಿದೆ. ಅಷ್ಟು ಜನಕ್ಕೆ ಹಿಟ್ಟು ಮಾರುವವನಿಗೆ ಬೇರೆಯವರು ದೋಸೆ ಹಾಕಿಕೊಟ್ಟು ಎಷ್ಟು ಕಾಲವಾಗಿತ್ತೋ.

ದೋಸೆ ದಪ್ಪವಿತ್ತು. ಮಿಕ್ಸಿಯಲ್ಲಿ ಉದ್ದು ಸರಿಯಾಗಿ ಉಬ್ಬುವುದಿಲ್ಲ, ಹುಳಿಯೂ ಬಂದಿರಲಿಲ್ಲ. ಶೇಂಗಾ ಚಟ್ನಿಪುಡಿಗೆ ಎಣ್ಣೆ ಕಲಸಿ ಬಡಿಸಿದ್ದರು. ನಾನು ಚೂರೂ ಬಿಡದೆ ತಿಂದೆ.

"ಇನ್ನೊಂದ ಹಾಕ್ಲೇನ್ರಿ?"

"ಸಾಕಮ್ಮ" ಎಂದೆ.

ನಮ್ಮಲ್ಲಿ ಈ ಸಾಕಿಗೆ ಬೆಲೆಯಿಲ್ಲ. ಸಾಕು ಎನ್ನುವುದು ತಿನ್ನುವವನ ಮರ್ಯಾದೆ, ಅದನ್ನು ಕಿವಿಗೆ ಹಾಕಿಕೊಳ್ಳದಿರುವುದು ಬಡಿಸುವವರ ಮರ್ಯಾದೆ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಬಡಿಸುತ್ತಾರೆ. ಇದೇ ಅಮ್ಮ ಹಿಂದೊಮ್ಮೆ ನನ್ನ ಫ್ಲ್ಯಾಟಿಗೆ ಉಂಡೆ ತಂದಾಗ, ನಾನು ಬೇಡ ಬೇಡ ಎನ್ನುತ್ತಿರುವಾಗಲೇ ಅಂಗಿಯ ಜೇಬಿಗೆ ಒಂದನ್ನು ಹಾಕಿದ್ದವರು. ಹಾಗಾಗಿ ನಾನು ಸಾಕೆಂದು ಹೇಳಿ, ಎರಡನೆಯ ದೋಸೆಗೆ ತಟ್ಟೆಯಲ್ಲಿ ಜಾಗ ಮಾಡಿಕೊಳ್ಳುತ್ತಿದ್ದೆ.

ಅಮ್ಮ ಸೌಟು ಹಿಡಿದು ಒಂದು ಗಳಿಗೆ ನಿಂತರು. ನನ್ನ ಮುಖ ನೋಡಿದರು.

"ಹೌದ್ರಿ? ಆತು" ಎಂದರು. ಸೌಟನ್ನು ಪಾತ್ರೆಯೊಳಗೆ ಬಿಟ್ಟು ಗ್ಯಾಸು ಆರಿಸಿದರು. ದನಿಯಲ್ಲಿ ಕೊಂಕು ಇರಲಿಲ್ಲ. ಈ ಮನುಷ್ಯ ಬೇಡ ಎಂದರೆ ಬೇಡ ಎಂದೇ ಅರ್ಥ ಎಂದು ತಿಳಿದುಕೊಂಡವರ ಎಚ್ಚರ ಇತ್ತು. ಹಾಗೆ ಬರೆದು ತಿಳಿಸಿದವನು ನಾನೇ.

ಹಾಲ್‌ನಲ್ಲಿ ಯಾರೋ ಔಟಾದ ಸದ್ದು ಬಂತು. ತಟ್ಟೆಯ ಅಂಚಿನಲ್ಲಿ ಉಳಿದಿದ್ದ ಚಟ್ನಿಪುಡಿಯನ್ನು ಬೆರಳಿನಿಂದ ಒಟ್ಟು ಮಾಡುತ್ತ ನಾನು ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ.